ಸ್ಟ್ರೋಕ್ ಆದವರು ಮನೆಗೆ ಬಂದ ಮೇಲೆ: ಮಲೆನಾಡಿನ ಮನೆಯಲ್ಲಿ ಆರೈಕೆ ಹೀಗಿರಲಿ

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮನೆಯವರ ಕೈಗೆ ಒಂದು ಫೈಲು, ಒಂದು ಚೀಲ ಮಾತ್ರೆ ಬರುತ್ತದೆ. ಚೀಟಿಯ ಕೊನೆಯಲ್ಲಿ ‘ಫಿಸಿಯೋಥೆರಪಿ ಮುಂದುವರಿಸಿ’ ಎಂದು ಒಂದು ಸಾಲು ಇರುತ್ತದೆ. ಶಿವಮೊಗ್ಗ ಪೇಟೆಯೊಳಗೆ ಮನೆ ಇರುವವರಿಗೆ ಅದು ಅಷ್ಟು ಕಷ್ಟವಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದೊಳಗಿನ ಒಂಟಿ ಮನೆಗೆ ಮರಳುವವರು ಏನು ಮಾಡಬೇಕು? ಕೈಕಾಲು ಸ್ವಾಧೀನ ತಪ್ಪಿದವರನ್ನು ದಿನಾ ಅರವತ್ತು ಎಪ್ಪತ್ತು ಕಿಲೋಮೀಟರ್ ಕರೆದುಕೊಂಡು ಹೋಗಿ ಬರುವುದು ಆಗದ ಮಾತು. ಹಾಗಾಗಿ ಚೇತರಿಕೆಯ ಹೆಚ್ಚಿನ ಕೆಲಸ ಮನೆಯಲ್ಲೇ ಆಗಬೇಕು.

ಒಂದು ಮಾತು ಮೊದಲೇ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆ ಇಲ್ಲ. ಅಪ್ಪಯ್ಯನಿಗೆ ತುತ್ತು ಮಾಡಿ ಬಾಯಿಗಿಡುತ್ತೇವೆ. ಅಂಗಿ ತೊಡಿಸುತ್ತೇವೆ. ನೀರಿನ ಲೋಟವನ್ನೂ ನಾವೇ ಹಿಡಿಯುತ್ತೇವೆ. ಸ್ಟ್ರೋಕ್ ಆದವರಿಗೆ ಈ ಪ್ರೀತಿಯೇ ಕೆಲವು ಸಲ ಅಡ್ಡ ಬರುತ್ತದೆ. ಮಿದುಳಿನಲ್ಲಿ ಸತ್ತ ಭಾಗ ಮತ್ತೆ ಬದುಕುವುದಿಲ್ಲ. ಉಳಿದ ಭಾಗ ಆ ಕೆಲಸವನ್ನು ಹೊಸದಾಗಿ ಕಲಿಯಬೇಕು. ಅದು ಕಲಿಯುವುದು ಮಾಡಿ ಮಾಡಿಯೇ. ನಾವು ಮಾಡಿಕೊಟ್ಟಷ್ಟೂ ಅವರ ಕಲಿಕೆ ಹಿಂದೆ ಬೀಳುತ್ತದೆ.

ಹಾಗಾದರೆ ಮನೆಯವರೇ ವ್ಯಾಯಾಮ ಕಲಿತು ಮಾಡಿಸಿದರೆ ಸಾಕಾ? ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ‘ಅಟೆಂಡ್’ ಎಂಬ ಅಧ್ಯಯನದಲ್ಲಿ ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು. ಅರ್ಧದಷ್ಟು ಜನರ ಮನೆಯವರಿಗೆ ತರಬೇತಿ ಕೊಟ್ಟರು. ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಆರು ತಿಂಗಳ ನಂತರದ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಎರಡೂ ಗುಂಪಿನಲ್ಲಿ ಶೇ 47ರಷ್ಟು ಜನ ತೀರಿಕೊಂಡಿದ್ದರು ಅಥವಾ ದಿನನಿತ್ಯದ ಕೆಲಸಕ್ಕೆ ಇನ್ನೊಬ್ಬರನ್ನು ಆಶ್ರಯಿಸಿದ್ದರು. ವ್ಯತ್ಯಾಸವೇ ಕಾಣಲಿಲ್ಲ. ಮನೆಯವರ ಶ್ರಮ ದಂಡ ಅಂತ ನಾನು ಇದನ್ನು ಓದುವುದಿಲ್ಲ. ಶುರುವಿನಲ್ಲಿ ಒಂದಿಷ್ಟು ಕಲಿಸಿ ಕೈಬಿಟ್ಟರೆ ಸಾಲದು, ತಿಳಿದವರು ಆಗಾಗ ನೋಡಿ ತಿದ್ದುತ್ತಲೇ ಇರಬೇಕು ಅನ್ನುವುದು ನನ್ನ ತಿಳಿವಳಿಕೆ. ಕೆಳಗಿನ ಹೆಜ್ಜೆಗಳನ್ನು ಓದುವಾಗಲೂ ಇದು ನೆನಪಿರಲಿ. ಇವು ಫಿಸಿಯೋಥೆರಪಿಸ್ಟ್‌ಗೆ ಬದಲಿ ಅಲ್ಲ.

ಹೆಜ್ಜೆ 1: ಆಸ್ಪತ್ರೆ ಬಿಡುವ ಮುಂಚೆ

ರಕ್ತ ಹೆಪ್ಪುಗಟ್ಟಿ ಆದದ್ದೋ, ರಕ್ತನಾಳ ಒಡೆದು ಆದದ್ದೋ ಕೇಳಿ ಬರೆದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ಕೊಡಬೇಕೋ ಬೇಡವೋ ಅನ್ನುವುದು ಇದರ ಮೇಲೆಯೇ ನಿಂತಿದೆ. ಬಿಪಿ ಎಷ್ಟರೊಳಗೆ ಇರಬೇಕು, ನುಂಗುವ ಪರೀಕ್ಷೆ ಆಗಿದೆಯಾ, ಮತ್ತೆ ಯಾವಾಗ ಬರಬೇಕು ಅನ್ನುವುದನ್ನೂ ಕೇಳಿ. ಫಿಸಿಯೋಥೆರಪಿಸ್ಟ್ ಮಾಡಿಸುವ ಪ್ರತಿ ವ್ಯಾಯಾಮವನ್ನು ಅವರ ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಮನೆಗೆ ಬಂದ ಮೇಲೆ ನೀವು ಮಾಡಿಸುವುದರ ವಿಡಿಯೊ ಕಳಿಸಿದರೆ ನೋಡಿ ಹೇಳುತ್ತೀರಾ ಅಂತ ಸಂಕೋಚ ಬಿಟ್ಟು ಕೇಳಿ. ಮಳೆಗಾಲದಲ್ಲಿ ಬಸ್ಸು ತಪ್ಪಿದರೂ ಆ ಎಳೆ ತಪ್ಪಬಾರದು.

ಹೆಜ್ಜೆ 2: ಮನೆ ಅಣಿ ಮಾಡಿ

ಹಳೆಯ ಮಲೆನಾಡ ಮನೆ ಅಂದರೆ ಎತ್ತರದ ಜಗಲಿ, ಕೋಣೆಗೊಂದು ಹೊಸ್ತಿಲು, ಹಿಂದುಗಡೆ ಬಚ್ಚಲು. ಸ್ಟ್ರೋಕ್ ಆದವರು ಬಿದ್ದು ಸೊಂಟ ಮುರಿದುಕೊಳ್ಳುವುದು ಇಂಥ ಕಡೆಯೇ. ಮಂಚವನ್ನು ಬಚ್ಚಲಿಗೆ ಹತ್ತಿರದ ಕೋಣೆಗೆ ತನ್ನಿ. ಹೊಸ್ತಿಲ ಪಕ್ಕ, ಬಚ್ಚಲಲ್ಲಿ, ಮೆಟ್ಟಿಲಿನ ಬದಿಗೆ ಹಿಡಿಕೆ ಹಾಕಿಸಿ. ಗೋಡೆಗೆ ಗಟ್ಟಿಯಾಗಿ ಬಿಗಿದ ಕಬ್ಬಿಣದ ಪೈಪ್ ಆದರೂ ಸಾಕು. ಅಂಗಳದ ಪಾಚಿ ತಿಕ್ಕಿ ತೆಗೆಯಿರಿ, ಮಳೆ ಮುಗಿಯುವ ತನಕ ಅದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಕೊಡಿ. ಕರೆಂಟು ಹೋಗುವ ಊರಾದ್ದರಿಂದ ಹಾಸಿಗೆ ಪಕ್ಕ ಒಂದು ಟಾರ್ಚ್ ಇರಲಿ.

ಹಂಡೆಯ ಬಿಸಿನೀರಿನ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಸೋತ ಬದಿಯಲ್ಲಿ ಬಿಸಿ ಗೊತ್ತಾಗದೇ ಇರಬಹುದು. ನೀರನ್ನು ನೀವು ಮುಟ್ಟಿ ನೋಡಿಯೇ ಹೊಯ್ಯಿರಿ. ಶಾಖ ಕೊಡಲು ಹೋಗಿ ಬೊಬ್ಬೆ ಬಂದವರಿದ್ದಾರೆ.

ಹೆಜ್ಜೆ 3: ನುಂಗುವುದನ್ನು ಗಮನಿಸಿ

ಸ್ಟ್ರೋಕ್ ಆದವರಿಗೆ ಗಂಟಲಿನ ಸ್ನಾಯುವೂ ಸೋತಿರಬಹುದು. ಆಹಾರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಜೀವಕ್ಕೇ ಬರುತ್ತದೆ. ಗಟ್ಟಿ ಪದಾರ್ಥ ಮಾತ್ರ ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಹಲವರಿಗೆ ತೆಳು ನೀರೇ ಹೆಚ್ಚು ಅಪಾಯ. ಅದು ನುಂಗುವ ಮೊದಲೇ ಜಾರಿ ಇಳಿದುಬಿಡುತ್ತದೆ. ತಂಬುಳಿ, ನೀರು ಮಜ್ಜಿಗೆ, ತಿಳಿಸಾರು, ಅಪ್ಪೆಹುಳಿ ಇವೆಲ್ಲ ತೆಳುವೇ. ಕುಡಿದ ಮೇಲೆ ಕೆಮ್ಮು, ಸ್ವರದಲ್ಲಿ ನೀರು ನಿಂತ ಹಾಗೆ ಗೊರಗೊರ, ಪದೇ ಪದೇ ಜ್ವರ ಕಂಡರೆ ಡಾಕ್ಟರಿಗೆ ತಿಳಿಸಿ. ಎಷ್ಟು ಗಟ್ಟಿ ಇರಬೇಕು ಅಂತ ಅವರು ಹೇಳುತ್ತಾರೆ. ಗಂಜಿ, ರಾಗಿ ಅಂಬಲಿಯನ್ನು ಆ ಹದಕ್ಕೆ ತರುವುದು ನಮ್ಮ ಅಡುಗೆಮನೆಗೆ ಕಷ್ಟವೇನಲ್ಲ. ಮಲಗಿಸಿ ಏನನ್ನೂ ಕೊಡಬೇಡಿ. ನೇರವಾಗಿ ಕೂರಿಸಿ, ಚಿಕ್ಕ ಚಮಚದಲ್ಲಿ, ಅವಸರ ಇಲ್ಲದೆ. ಊಟವಾದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ಬಾಯಿ ಚೆನ್ನಾಗಿ ತೊಳೆಸಿ.

ಹೆಜ್ಜೆ 4: ಮಲಗುವ ರೀತಿ, ಭುಜ

ತಾವಾಗಿ ಹೊರಳಲು ಆಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಲ್ಲದಿದ್ದರೆ ಬೆನ್ನು, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಸೋತ ಕೈಯನ್ನು ದಿಂಬಿನ ಮೇಲಿಡಿ. ಆ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಹಿಡಿತ ತಪ್ಪಿದ ಭುಜ ಸಲೀಸಾಗಿ ಜಾರುತ್ತದೆ. ಒಮ್ಮೆ ನೋವು ಶುರುವಾದರೆ ವ್ಯಾಯಾಮ ಎಲ್ಲ ನಿಂತುಹೋಗುತ್ತದೆ. ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ.

ಹೆಜ್ಜೆ 5: ಕೂತು ಏಳುವುದು, ನಡೆಯುವುದು

ಬೇಗ ಎಬ್ಬಿಸಿದಷ್ಟೂ ಒಳ್ಳೆಯದು ಅಂತ ಒಂದು ಕಾಲದಲ್ಲಿ ನಂಬಿದ್ದರು. ಸುಮಾರು 2,100 ರೋಗಿಗಳಿದ್ದ ‘ಅವರ್ಟ್’ ಎಂಬ ಅಧ್ಯಯನ 2015ರಲ್ಲಿ ಬೇರೆಯದನ್ನೇ ಹೇಳಿತು. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಜಾಸ್ತಿ ಓಡಾಡಿಸಿದವರ ಚೇತರಿಕೆ ಉಳಿದವರಿಗಿಂತ ಸ್ವಲ್ಪ ಕಡಿಮೆಯೇ ಇತ್ತು. ಮುಂದಿನ ವಿಶ್ಲೇಷಣೆಯಲ್ಲಿ ಗೊತ್ತಾದದ್ದು, ಸ್ವಲ್ಪ ಹೊತ್ತು, ಆದರೆ ಆಗಾಗ ಮಾಡಿಸುವುದು ಮೇಲು ಅಂತ. ಮನೆಯಲ್ಲೂ ಇದೇ ಲೆಕ್ಕ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು ಗಂಟೆ ದಣಿಸುವ ಬದಲು ದಿನಕ್ಕೆ ನಾಲ್ಕೈದು ಸಲ ಹತ್ತು ಹದಿನೈದು ನಿಮಿಷ.

ಎದ್ದು ನಿಲ್ಲುವುದನ್ನು ಹೀಗೆ ಮಾಡಿಸಿ. ಗಟ್ಟಿ ಮರದ ಕುರ್ಚಿ ಇರಲಿ, ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಅಂಚಿಗೆ ಸರಿದು ಕೂರಲಿ. ಎರಡೂ ಪಾದ ನೆಲ ಮುಟ್ಟಿ, ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕಿರಲಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಆಮೇಲೆ ಏಳಲಿ. ನೀವು ಸೋತ ಬದಿಯಲ್ಲಿ ನಿಂತು ಸೊಂಟಕ್ಕೆ ಆಸರೆ ಕೊಡಿ. ಭಾರ ಎರಡೂ ಕಾಲಿನ ಮೇಲೆ ಬೀಳುತ್ತಿದೆಯಾ ನೋಡಿ. ಎಲ್ಲರೂ ಗಟ್ಟಿ ಕಾಲಿನ ಮೇಲೇ ನಿಂತುಬಿಡುತ್ತಾರೆ. ಕೂರುವಾಗಲೂ ದೊಪ್ಪೆಂದು ಬೀಳದೆ ನಿಧಾನಕ್ಕೆ ಇಳಿಯಲಿ. ಕೂರುವುದೂ ಒಂದು ವ್ಯಾಯಾಮವೇ.

ನಡೆಯುವಾಗ ಕೋಲು ಗಟ್ಟಿ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ತೋಟಕ್ಕೆ ಹೋಗುವ ಆಸೆ ಎಲ್ಲರಿಗೂ ಇರುತ್ತದೆ, ಅದು ಒಳ್ಳೆಯ ಗುರಿಯೇ. ಆದರೆ ಸಂಕ ದಾಟುವುದನ್ನು, ಒದ್ದೆ ಇಳಿಜಾರನ್ನು ಕೊನೆಗೆ ಇಟ್ಟುಕೊಳ್ಳಿ.

ಹೆಜ್ಜೆ 6: ಕೈಗೆ ಕೆಲಸ ಕೊಡಿ

ಕಾಲು ಬರುತ್ತದೆ, ಕೈ ಹಿಂದೆ ಉಳಿಯುತ್ತದೆ. ಇದು ನಾವು ಎಲ್ಲ ಕಡೆ ಕಾಣುವ ಚಿತ್ರ. ನಡೆಯುವುದಕ್ಕೆ ಸೋತ ಕಾಲನ್ನು ಬಳಸಲೇಬೇಕು. ಕೈ ಹಾಗಲ್ಲ, ಒಂದೇ ಕೈಯಲ್ಲಿ ದಿನ ದೂಡಬಹುದು. ಬಳಸದ ಕೈ ಮತ್ತಷ್ಟು ಮರೆಯುತ್ತದೆ.

ಎಷ್ಟು ಸಲ ಮಾಡಬೇಕು? ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಮಿದುಳು ಬದಲಾಗಲು ದಿನಕ್ಕೆ ನೂರಾರು ಸಲ ಅದೇ ಚಲನೆ ಬೇಕಾಗಿತ್ತು. 2009ರಲ್ಲಿ ಅಮೆರಿಕದ ಸಂಶೋಧಕರು ಚಿಕಿತ್ಸಾ ಕೇಂದ್ರಗಳಲ್ಲಿ ಕೂತು ಎಣಿಸಿದಾಗ ರೋಗಿಗಳು ಒಂದು ಅವಧಿಯಲ್ಲಿ ಕೈಯಿಂದ ಉಪಯುಕ್ತ ಕೆಲಸ ಮಾಡಿದ್ದು ಸರಾಸರಿ 32 ಸಲ ಮಾತ್ರ. ಈ ಅಂತರ ನೋಡಿದರೆ ಮನೆಯ ಅಭ್ಯಾಸ ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ.

ಸುಮ್ನೆ ಚೆಂಡು ಹಿಸುಕುವುದಕ್ಕಿಂತ ಅರ್ಥ ಇರುವ ಕೆಲಸ ಕೊಡಿ. ಸುಲಿದ ಅಡಿಕೆಯನ್ನು ಒಂದೊಂದೇ ಹೆಕ್ಕಿ ಬುಟ್ಟಿಗೆ ಹಾಕುವುದು, ಗೊಂಚಲಿನಿಂದ ಕಾಳುಮೆಣಸು ಬಿಡಿಸುವುದು, ಲೋಟ ಎತ್ತಿ ಪಕ್ಕಕ್ಕಿಡುವುದು, ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಜಗಲಿ ಕಟ್ಟೆ ಒರೆಸುವುದು. ಅಡಿಕೆ ಹೆಕ್ಕಲು ಬೆರಳು ಮಡಚಬೇಕು, ಬಿಡಲು ಬಿಚ್ಚಬೇಕು. ಬಿಡುವುದೇ ಕಷ್ಟ, ಅದನ್ನೇ ಜಾಸ್ತಿ ಮಾಡಿಸಿ. ಮೆಟ್ಟುಗತ್ತಿಯ ಹತ್ತಿರ ಮಾತ್ರ ಬಿಡಬೇಡಿ.

ಬೆರಳು ಸ್ವಲ್ಪವಾದರೂ ಬಿಚ್ಚಲು ಬರುವವರಿಗೆ ಇನ್ನೊಂದು ದಾರಿ ಇದೆ. ಗಟ್ಟಿ ಕೈಗೆ ದಪ್ಪ ಕೈಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವುದು. ‘ಎಕ್ಸೈಟ್’ ಎಂಬ ಅಧ್ಯಯನದಲ್ಲಿ ಎರಡು ವಾರ ಹೀಗೆ ಮಾಡಿಸಿದವರ ಕೈ ಬಳಕೆ ಉತ್ತಮವಾಯಿತು, 2006ರಲ್ಲಿ ಅದು ಪ್ರಕಟವಾಯಿತು. ಆದರೆ ಬೀಳುವ ಭಯ ಇರುವವರಿಗೆ ಇದು ಸಲ್ಲ. ಫಿಸಿಯೋಥೆರಪಿಸ್ಟ್ ಹೇಳದೆ ಶುರು ಮಾಡಬೇಡಿ. ಕೈ ಅಲುಗಾಡದವರಿಗೆ ಕನ್ನಡಿಯ ಅಭ್ಯಾಸವಿದೆ. ಎದೆಯ ಮುಂದೆ, ಎರಡೂ ಕೈಗಳ ನಡುವೆ, ಗಟ್ಟಿ ಕೈಗೆ ಮುಖ ಮಾಡಿ ಕನ್ನಡಿ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಮರೆ ಮಾಡಿ, ಗಟ್ಟಿ ಕೈ ಆಡಿಸುತ್ತಾ ಪ್ರತಿಬಿಂಬ ನೋಡುವುದು. ಸೋತ ಕೈಯೇ ಆಡುತ್ತಿದೆ ಅಂತ ಮಿದುಳಿಗೆ ಅನ್ನಿಸುತ್ತದೆ. ಇದರಿಂದ ಚಲನೆ ಸುಧಾರಿಸಿದ್ದಕ್ಕೆ ಆಧಾರಗಳಿವೆ, ಖರ್ಚಂತೂ ಇಲ್ಲ.

ಸಮಯದ ವಿಚಾರ. 2021ರಲ್ಲಿ ಬಂದ ಅಮೆರಿಕದ 72 ಜನರ ಅಧ್ಯಯನದಲ್ಲಿ ಕೈಗೆ 20 ಗಂಟೆಯ ಹೆಚ್ಚುವರಿ ಅಭ್ಯಾಸ ಕೊಟ್ಟರು. ಸ್ಟ್ರೋಕ್ ಆಗಿ ಎರಡು ಮೂರು ತಿಂಗಳಲ್ಲಿ ಕೊಟ್ಟವರಿಗೆ ಅತಿ ಹೆಚ್ಚು ಲಾಭವಾಯಿತು. ನಮ್ಮಲ್ಲಿ ಜನ ಕೈಚೆಲ್ಲುವುದು ಸರಿಯಾಗಿ ಅದೇ ಹೊತ್ತಿಗೆ ಅನ್ನುವುದು ನನಗೆ ತುಂಬಾ ಬೇಸರದ ಸಂಗತಿ. ಕೊಯ್ಲು ಬಂತು, ಆಮೇಲೆ ನೋಡೋಣ ಅಂತ ಮುಂದೂಡಬೇಡಿ. ವರ್ಷ ಕಳೆದವರೂ ಆಸೆ ಬಿಡಬೇಕಿಲ್ಲ. ಲಂಡನ್‌ನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಮೂರು ವಾರದಲ್ಲಿ 90 ಗಂಟೆ ಅಭ್ಯಾಸ ಮಾಡಿಸಿದಾಗ ಸ್ಟ್ರೋಕ್ ಆಗಿ ವರ್ಷ ದಾಟಿದವರ ಕೈಯೂ ಸುಧಾರಿಸಿತು.

ಹೆಜ್ಜೆ 7: ಮಾತು

ಬಲಗಡೆ ಸೋತವರಲ್ಲಿ ಹಲವರಿಗೆ ಮಾತೂ ಹೋಗಿರುತ್ತದೆ. ಬುದ್ಧಿ ಹೋಗಿದೆ ಅಂತ ತಿಳಿಯಬೇಡಿ. ಅವರೆದುರೇ ಅವರ ಬಗ್ಗೆ ಮಾತಾಡಬೇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಹೌದು ಅಥವಾ ಇಲ್ಲ ಅನ್ನುವಂಥದ್ದು. ಉತ್ತರಕ್ಕೆ ಕಾಯಿರಿ. ಒಂದು ಪದ ಹೊರಡದವರೂ ವಾರದ ಹೆಸರು, ಎಣಿಕೆ, ದಿನಾ ಹೇಳುತ್ತಿದ್ದ ಭಜನೆಯನ್ನು ಸರಾಗ ಹೇಳುವುದುಂಟು. ಅಲ್ಲಿಂದ ಶುರು ಮಾಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೇ ಚಿಕಿತ್ಸೆ ಇದೆ.

ಹೆಜ್ಜೆ 8: ಮನಸ್ಸು

ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಊಟ ಬೇಡ, ವ್ಯಾಯಾಮ ಬೇಡ, ಸುಮ್ಮನೆ ಅಳು. ಅದನ್ನು ಹಟ ಅನ್ನಬೇಡಿ, ಅದಕ್ಕೂ ಔಷಧಿ ಇದೆ. ಆದರೆ ಖಿನ್ನತೆಯ ಮಾತ್ರೆಯಿಂದ ಕೈಕಾಲು ಬೇಗ ಬರುತ್ತದೆ ಅನ್ನುವುದು ಸುಳ್ಳಾಗಿದೆ. ಫ್ಲುವೊಕ್ಸೆಟೀನ್ ಎಂಬ ಅಂಥ ಮಾತ್ರೆಯ ಬಗ್ಗೆ 2018 ಮತ್ತು 2020ರ ದೊಡ್ಡ ಅಧ್ಯಯನಗಳಲ್ಲಿ ಚೇತರಿಕೆಗೆ ಲಾಭ ಕಾಣಲಿಲ್ಲ, ಮೂಳೆ ಮುರಿಯುವುದು ಮಾತ್ರ ಹೆಚ್ಚಾಯಿತು. ಮನಸ್ಸಿಗೆ ಬೇಕಿದ್ದರೆ ಮಾತ್ರ ಡಾಕ್ಟರ್ ಅದನ್ನು ಕೊಡಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ನೋಡಿಕೊಳ್ಳುವ ಸೊಸೆಗೋ ಮಗಳಿಗೋ ಆ ಸಂಖ್ಯೆ ಅಷ್ಟೇ ಬೇಕು.

ಹೆಜ್ಜೆ 9: ಇನ್ನೊಂದು ಸಲ ಆಗದಂತೆ

ಒಮ್ಮೆ ಆದವರಿಗೆ ಮತ್ತೆ ಆಗುವ ಅಪಾಯ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಬಿಪಿಯದು. 32 ದೇಶಗಳಲ್ಲಿ ನಡೆದ ‘ಇಂಟರ್‌ಸ್ಟ್ರೋಕ್’ ಅಧ್ಯಯನದಲ್ಲಿ ಹತ್ತು ಕಾರಣಗಳೇ ಸ್ಟ್ರೋಕ್ ಅಪಾಯದ ಸುಮಾರು ಶೇ 90ಕ್ಕೆ ಕಾರಣ ಅಂತ ತಿಳಿದುಬಂತು, ಮೊದಲ ಸ್ಥಾನ ಬಿಪಿಗೇ. ಹೆಚ್ಚಿನವರಿಗೆ ಡಾಕ್ಟರ್ ಹೇಳುವ ಗುರಿ 130/80ಕ್ಕಿಂತ ಕಡಿಮೆ. ಐದು ನಿಮಿಷ ಸುಮ್ಮನೆ ಕೂರಿಸಿ, ಗಟ್ಟಿ ಕೈಯಲ್ಲಿ ನೋಡಿ, ಬರೆದಿಡಿ. ಬಿಪಿ ಸರಿಯಾಗಿದೆ ಅಂತ ಮಾತ್ರೆ ನಿಲ್ಲಿಸಬೇಡಿ, ಸರಿಯಾಗಿರುವುದು ಮಾತ್ರೆಯಿಂದ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಉಪ್ಪೂ ಇದರೊಳಗೇ ಬಂತು. ಕವಳಕ್ಕೆ, ಅಂದರೆ ಎಲೆಅಡಿಕೆಗೆ, ಹೊಗೆಸೊಪ್ಪು ಹಾಕುವುದನ್ನು ಬಿಡಲೇಬೇಕು. ನುಂಗಲು ಕಷ್ಟ ಇರುವವರಿಗೆ ಕವಳವೇ ಬೇಡ.

ನಾಟಿ ಔಷಧಿಯ ಮಾತು ಬಂದೇ ಬರುತ್ತದೆ. ಹಗುರವಾಗಿ ಎಣ್ಣೆ ಹಚ್ಚಿದರೆ ತೊಂದರೆ ಇಲ್ಲ. ಪಾರಿವಾಳದ ರಕ್ತ ಹಚ್ಚಿದರೆ ಸತ್ತ ಮಿದುಳು ಏಳುವುದಿಲ್ಲ. ಹೊಟ್ಟೆಗೆ ಕೊಡುವ ಔಷಧಿಯನ್ನು ಡಾಕ್ಟರಿಗೆ ಹೇಳದೆ ಕೊಡಬೇಡಿ. ಪಥ್ಯದ ಹೆಸರಲ್ಲಿ ಇಂಗ್ಲಿಷ್ ಮಾತ್ರೆ ಬಿಡಿಸುವವರ ಮಾತನ್ನಂತೂ ಕೇಳಲೇಬೇಡಿ.

ಕೈಕಾಲಿನ ಊನ ಉಳಿದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಪಂಚಾಯಿತಿ ಮಟ್ಟದಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ಹಾಕಲು ನೆರವಾಗುತ್ತಾರೆ.

ಹೆಜ್ಜೆ 10: ಮತ್ತೆ ಆದರೆ

ಬಾಯಿ ಸೊಟ್ಟ, ಒಂದು ಕೈ ಸೋಲು, ಮಾತು ತೊದಲು, ಇದ್ದಕ್ಕಿದ್ದಂತೆ ಕಣ್ಣು ಮಂಜು ಅಥವಾ ತೂರಾಟ ಕಂಡ ಕೂಡಲೇ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ನಾಲ್ಕೂವರೆ ಗಂಟೆಯೊಳಗೆ. ಅದಕ್ಕೂ ಮುಂಚೆ ಸಿ.ಟಿ. ಸ್ಕ್ಯಾನ್ ಆಗಬೇಕು, ರಕ್ತಸ್ರಾವ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಅದಕ್ಕೇ ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ, ನೀರನ್ನೂ ಕೊಡಬೇಡಿ.

ದಾರಿಯನ್ನು ಇವತ್ತೇ ಯೋಚಿಸಿಡಿ. ಆಗುಂಬೆ ಕಡೆಯವರಿಗೆ ಘಾಟಿ ತೆರೆದಿದ್ದರೆ ಶಿವಮೊಗ್ಗಕ್ಕಿಂತ ಮಣಿಪಾಲ ಹತ್ತಿರ. ಶರಾವತಿ ಹಿನ್ನೀರಿನಾಚೆಯ ತುಮರಿಯವರು ರಾತ್ರಿ ಹೊತ್ತು ಲಾಂಚ್ ಇಲ್ಲದೆ ಸುತ್ತಿ ಬರಬೇಕಿತ್ತು, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಕಷ್ಟ ನೀಗಿದೆ. ಸ್ಕ್ಯಾನ್ ಮತ್ತು ಈ ಇಂಜೆಕ್ಷನ್ ಎರಡೂ ಇರುವ ಹತ್ತಿರದ ಆಸ್ಪತ್ರೆ ಯಾವುದು, ಆಂಬುಲೆನ್ಸ್ ತಡವಾದರೆ ಯಾರ ಜೀಪು ಸಿಗುತ್ತದೆ, ನೆಟ್‌ವರ್ಕ್ ಎಲ್ಲಿ ಬರುತ್ತದೆ ಅನ್ನುವುದನ್ನು ಬರೆದು ಗೋಡೆಗೆ ಅಂಟಿಸಿ. ಹೊರಡುವಾಗ ಮಾತ್ರೆ ಚೀಟಿ ತೆಗೆದುಕೊಳ್ಳಿ. ಅವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನು ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ.