ಪಾರ್ಥಿವ ಶರೀರ ಊರಿಗೆ ಬಂದ ಮೇಲಿನ ಕೆಲಸ

ಸುಬೇದಾರನಾಗಿ ನಿವೃತ್ತಿ ಹೊಂದಿ ಬೆಳಗಾವಿ ಜಿಲ್ಲೆಯ ನಮ್ಮ ತಾಲ್ಲೂಕಿಗೆ ಮರಳಿದ ಮೇಲೆ, ಸೇವೆಯಲ್ಲಿದ್ದಾಗಲೇ ಮಡಿದ ಯೋಧರ ಮನೆಗಳ ಕಾಗದಪತ್ರ ನೋಡಿಕೊಳ್ಳುವ ಹೊಣೆಯನ್ನು ಮಾಜಿ ಸೈನಿಕರ ಸಂಘ ನನಗೆ ಒಪ್ಪಿಸಿತು. ಅಂತ್ಯಕ್ರಿಯೆಯ ದಿನ ನಮಗೆ ಹೆಚ್ಚು ಕೆಲಸವಿರುವುದಿಲ್ಲ. ಕುಶಾಲತೋಪು, ಪುಷ್ಪಗುಚ್ಛ, ಜನಸಂದಣಿ ಎಲ್ಲವನ್ನೂ ಸೇನೆ ಮತ್ತು ಜಿಲ್ಲಾಡಳಿತ ನೋಡಿಕೊಳ್ಳುತ್ತವೆ. ನಾನು ಗಮನಿಸುವುದು ಪೆಟ್ಟಿಗೆಯ ಮೇಲಿನ ರಾಷ್ಟ್ರಧ್ವಜವನ್ನು. ಧ್ವಜ ಸಂಹಿತೆಯಂತೆ ಅದನ್ನು ಚಿತೆಗೇರಿಸುವಂತಿಲ್ಲ, ಸಮಾಧಿಗೂ ಇಳಿಸುವಂತಿಲ್ಲ. ಮಡಚಿ ಮನೆಯವರಿಗೆ ಕೊಡುತ್ತಾರೆ. ಯಾರ ಕೈಗೆ ಎಂಬುದನ್ನು ತಾಯಿಯನ್ನೂ ಹೆಂಡತಿಯನ್ನೂ ಮುಂಚೆಯೇ ಕೂರಿಸಿ ಕೇಳಿರುತ್ತೇನೆ. ಕ್ಯಾಮೆರಾಗಳ ಎದುರು ಆ ಮಾತು ಏಳಬಾರದು.

ದಿನಕರ್ಮ ಮುಗಿಯುವವರೆಗೆ ಯೋಧನ ಹೆಂಡತಿಯಿಂದ ಯಾವ ಖಾಲಿ ಕಾಗದಕ್ಕೂ ಸಹಿ ಹಾಕಿಸಬೇಡಿರೆಂದು ಮನೆಯ ಹಿರಿಯರಿಗೆ ಹೇಳುತ್ತೇನೆ. ಬಳಿಕ ಹೆಸರಿನ ತೊಡಕು ಶುರುವಾಗುತ್ತದೆ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿಯುಂಟು. ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು, ಯೋಧನ ಮದುವೆ, ಮಕ್ಕಳ ವಿವರ ದಾಖಲಿಸುವ ಸೇನೆಯ ಪಾರ್ಟ್ ಟೂ ಆರ್ಡರ್‌ನಲ್ಲಿ ಗುಮಾಸ್ತ ಬರೆದ ಮೂರನೆಯ ಕಾಗುಣಿತ. ಯೋಧರ ಸೇವಾ ದಾಖಲೆ ಇಡುವ ಸೇನೆಯ ರೆಕಾರ್ಡ್ಸ್ ಕಚೇರಿಯಲ್ಲಿ ಇರುವ ಹೆಸರಿನ ರೂಪವನ್ನು ಮೊದಲು ಬರಹದಲ್ಲಿ ತರಿಸಿಕೊಂಡು, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಅದಕ್ಕೆ ಹೊಂದಿಸಿದ ಮೇಲೆಯೇ ನಾಡಕಚೇರಿಯ ವಂಶವೃಕ್ಷಕ್ಕೆ ಕೈಹಾಕುತ್ತೇವೆ.

ಮನೆಯ ಮುಂದಿನ ಬದುಕು ನಿಂತಿರುವುದು ಸಾವನ್ನು ಸೇನೆ ಯಾವ ವರ್ಗಕ್ಕೆ ಸೇರಿಸಿತು ಎಂಬುದರ ಮೇಲೆ. ಯುದ್ಧಸಂಬಂಧಿ ಸಾವೆಂದಾದರೆ ಸಿಗುವ ಉದಾರೀಕೃತ ಕುಟುಂಬ ಪಿಂಚಣಿ ಕೊನೆಯ ವೇತನದಷ್ಟೇ ಇರುತ್ತದೆ. ಕರ್ತವ್ಯದಿಂದಾದ ಸಾವಿಗೆ ವಿಶೇಷ ಪಿಂಚಣಿ ಆ ವೇತನದ ಶೇ 60. ಎರಡೂ ಅಲ್ಲದಿದ್ದರೆ ಸಾಮಾನ್ಯ ಪಿಂಚಣಿ ಮೊದಲ 10 ವರ್ಷ ಶೇ 50, ಆಮೇಲೆ ಶೇ 30. ಶತ್ರುವಿನ ಗುಂಡಿಲ್ಲದೆಯೂ ಗಡಿಯಲ್ಲಿ ಸಾವು ಬರುತ್ತದೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತಕ್ಕೆ ಸಿಕ್ಕ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಮ್ಮ ಭಾಗದಲ್ಲಿ ಯಾರು ಮರೆತಾರು? ಆದ್ದರಿಂದ ವರ್ಗೀಕರಣದ ಪತ್ರವನ್ನು ಯೂನಿಟ್‌ನಿಂದ ಲಿಖಿತವಾಗಿ ಕೇಳಿ ಪಡೆಯಲೇಬೇಕು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ, ಕೊನೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ, ಅದೇ ಆಧಾರ.

ಒಂದು ಮನೆಗೆ ಯೂನಿಟ್‌ನಿಂದ ಯೋಧನ ಕಪ್ಪು ತಗಡಿನ ಟ್ರಂಕು ಬಂದಿತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು. ಬಂಧುಬಳಗವೆಲ್ಲ ಸುತ್ತ ನೆರೆದಿದ್ದಾಗ ಯೋಧನ ಹೆಂಡತಿ, “ಅಣ್ಣಾರ, ಎಲ್ಲಾರನೂ ಹೊರಗ ಕರ್ಕೊಂಡು ಹೋಗ್ರಿ, ನಾ ಒಬ್ಬಾಕೀನ ತಗೀತೇನಿ” ಎಂದರು. ಸ್ವಲ್ಪ ಹೊತ್ತಿನ ಬಳಿಕ ಟ್ರಂಕಿನ ಸಾಮಾನುಗಳ ಪಟ್ಟಿ ಹಿಡಿದು ಕಟ್ಟೆಗೆ ಬಂದು, ಕೈಗಡಿಯಾರ ಬರೆದಿದ್ದಾರೆ, ಪೆಟ್ಟಿಗೆಯಲ್ಲಿಲ್ಲ ಎಂದರು. ಪತ್ರ ಬರೆದೆವು, ಗಡಿಯಾರ ಬಂತು. ಅಲ್ಲಿಂದ ಮುಂದೆ ಓದದೆ ಆಕೆ ಯಾವುದಕ್ಕೂ ಸಹಿ ಹಾಕಲಿಲ್ಲ. ಸಂಘದವರ ಯಾವ ಸಾಂತ್ವನಕ್ಕಿಂತಲೂ ಇದು ಹೆಚ್ಚಿನದೆಂದು ನನಗೆ ಅನಿಸಿದೆ.

ಪುತ್ಥಳಿಯ ಬಗ್ಗೆ ಊರಿನ ಹುಡುಗರ ಉತ್ಸಾಹವನ್ನು ನಾನು ತಣ್ಣಗೆ ಮಾಡುವವನೆಂದು ಹೆಸರಾಗಿದೆ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ ನಿಲ್ಲಿಸಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಶಾಲೆಯ ಆವರಣದಲ್ಲಿ ಗ್ರಾಮ ಪಂಚಾಯಿತಿ ಮತ್ತು ಶಾಲೆಯ ಒಪ್ಪಿಗೆ ಪಡೆದು ಒಂದು ಕಲ್ಲು ನಿಲ್ಲಿಸಿ, ಅದರಲ್ಲಿ ಯೂನಿಟ್, ಸ್ಥಳ, ದಿನಾಂಕವನ್ನು ಸೇನಾ ದಾಖಲೆಯಂತೆ ಕೆತ್ತಿಸುವುದೇ ಲೇಸು. ಉಳಿದ ಚಂದಾಹಣವನ್ನು ತಾಯಿ ಮತ್ತು ಹೆಂಡತಿ ಇಬ್ಬರೂ ಒಪ್ಪಿದ ರೀತಿಯಲ್ಲಿ ಠೇವಣಿ ಇಡಿಸುತ್ತೇವೆ.

ಈಗ ನವೆಂಬರ್ ಬಂತೆಂದರೆ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸಿದಿರಾ ಎಂದು ಪ್ರತಿ ಮನೆಗೂ ಫೋನ್ ಮಾಡುತ್ತೇನೆ. ಶೈಕ್ಷಣಿಕ ವರ್ಷ ಮುಗಿಯುವಾಗ ಮಕ್ಕಳ ಬೋಧನಾ ಶುಲ್ಕದ ರಸೀದಿಗಳನ್ನು ಶಾಲೆಯ ಮೊಹರಿನೊಂದಿಗೆ ಎತ್ತಿಡಲು ನೆನಪಿಸುತ್ತೇನೆ.