ನಿಮ್ಮ ಕ್ರೆಡಿಟ್ ವರದಿ ನಿಮಗೇ ಸಿಗದಿದ್ದರೆ

ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ ಸ್ವಲ್ಪ ಹೊತ್ತಿಗೇ ‘ಬ್ಯಾಂಕಿನ ಆಂತರಿಕ ನೀತಿಯ ಪ್ರಕಾರ ನಿಮ್ಮ ಅರ್ಜಿಯನ್ನು ಪರಿಗಣಿಸಲಾಗುತ್ತಿಲ್ಲ’ ಎಂಬ ಸಂದೇಶ ಬಂದರೆ ಹೆಚ್ಚಿನವರು ಮಾಡುವ ಕೆಲಸ ಒಂದೇ: ಇನ್ನೊಂದು ಬ್ಯಾಂಕಿನ ಆ್ಯಪ್ ತೆರೆದು ಅಲ್ಲಿಯೂ ಅರ್ಜಿ ಹಾಕುವುದು. ಅಲ್ಲಿಯೂ ಇಲ್ಲವೆಂದರೆ ಮೂರನೆಯದು. ಸಂಬಳ ತಪ್ಪದೆ ಬರುತ್ತಿದೆ, ಕಂತು ಬಾಕಿ ಉಳಿಸಿಕೊಂಡ ನೆನಪಿಲ್ಲ, ಆದರೂ ಯಾರೂ ಕಾರ್ಡ್ ಕೊಡುತ್ತಿಲ್ಲ. ಇಂಥ ಕಡೆ ತೊಡಕು ಅನೇಕ ಸಲ ಸಾಲದಲ್ಲಿ ಇರುವುದೇ ಇಲ್ಲ. ಹೆಸರು, ಹುಟ್ಟಿದ ದಿನಾಂಕ, ಪ್ಯಾನ್, ಮೊಬೈಲ್ ಸಂಖ್ಯೆ, ಈ ನಾಲ್ಕರಲ್ಲಿ ಎಲ್ಲೋ ಇರುತ್ತದೆ. ಬ್ಯಾಂಕು ನಿಮ್ಮ ಕ್ರೆಡಿಟ್ ವರದಿಯನ್ನು, ಅಂದರೆ ನಿಮ್ಮ ಸಾಲ ಮತ್ತು ಮರುಪಾವತಿಯ ದಾಖಲೆಯನ್ನು, ಕೇಳಿದಾಗ ಅದು ಸಿಗುವುದೇ ಇಲ್ಲ, ಅರ್ಧ ಸಿಗುತ್ತದೆ, ಇಲ್ಲವೇ ಬೇರೆ ಯಾರದೋ ಸಾಲ ಸೇರಿಕೊಂಡ ವರದಿ ಸಿಗುತ್ತದೆ. ಅದನ್ನು ಸರಿಪಡಿಸಬೇಕಾದ ಜಾಗವೂ ಸಾಮಾನ್ಯವಾಗಿ ಜನ ಹೋಗಿ ನಿಲ್ಲುವ ಜಾಗವಲ್ಲ.

ನಾವೆಲ್ಲ ‘ಸಿಬಿಲ್’ ಎಂದು ಒಂದೇ ಹೆಸರು ಹೇಳಿದರೂ ದೇಶದಲ್ಲಿ ಇಂಥ ಮಾಹಿತಿ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಕ್ರೆಡಿಟ್ ಮಾಹಿತಿ ಕಂಪನಿಗಳ 2005ರ ಕಾಯ್ದೆಯಡಿ ರಿಸರ್ವ್ ಬ್ಯಾಂಕಿನ ನಿಗಾದಲ್ಲಿ ಕೆಲಸ ಮಾಡುವ ಇವು ತಾವಾಗಿ ಏನನ್ನೂ ಬರೆಯುವುದಿಲ್ಲ. ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ಕಳಿಸಿದ್ದನ್ನು ಜೋಡಿಸಿ ಇಡುತ್ತವೆ, ಅಷ್ಟೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಅರ್ಧ ಅಲೆದಾಟ ತಪ್ಪುತ್ತದೆ.

ಮೊದಲು ಕಾರಣ ಕೇಳಿ, ಬರಹದಲ್ಲಿ

ಅರ್ಜಿಯನ್ನು ತಿರಸ್ಕರಿಸಿದರೆ ಅದಕ್ಕೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ಕ್ರೆಡಿಟ್ ಕಾರ್ಡ್ ಕುರಿತ ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ‘ಆಂತರಿಕ ನೀತಿ’ ಎಂಬುದು ನಿರ್ದಿಷ್ಟ ಕಾರಣವಲ್ಲ. ಆದ್ದರಿಂದ ಬ್ಯಾಂಕಿನ ಗ್ರಾಹಕ ಸೇವಾ ವಿಭಾಗಕ್ಕೆ ಒಂದು ಇಮೇಲ್ ಬರೆಯಿರಿ. ಅರ್ಜಿಯ ಸಂಖ್ಯೆ ನಮೂದಿಸಿ ಎರಡೇ ಪ್ರಶ್ನೆ ಕೇಳಿ: ತಿರಸ್ಕಾರಕ್ಕೆ ನಿರ್ದಿಷ್ಟ ಕಾರಣವೇನು? ಯಾವ ಕಂಪನಿಯ ವರದಿಯನ್ನು ನೋಡಿದಿರಿ? ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯ. ಬ್ಯಾಂಕು ಎಕ್ಸ್‌ಪೀರಿಯನ್ ವರದಿ ನೋಡಿ ಬೇಡವೆಂದಿರುವಾಗ ನೀವು ಸಿಬಿಲ್ ವರದಿಯನ್ನು ಹಿಡಿದುಕೊಂಡು ತಲೆ ಕೆರೆದುಕೊಂಡರೆ ಪ್ರಯೋಜನವಿಲ್ಲ.

ಉತ್ತರ ಬರುವವರೆಗೆ ಹೊಸ ಅರ್ಜಿ ಬೇಡ. ನೀವು ಕಾರ್ಡಿಗೆ ಅರ್ಜಿ ಹಾಕಿದಾಗ ಬ್ಯಾಂಕು ನಿಮ್ಮ ವರದಿಯನ್ನು ತರಿಸಿಕೊಂಡದ್ದು ಆ ವರದಿಯಲ್ಲೇ ‘ಎನ್‌ಕ್ವೈರಿ’ ಎಂದು ದಾಖಲಾಗುತ್ತದೆ. ಕೆಲವೇ ವಾರಗಳಲ್ಲಿ ಇಂಥ ನಾಲ್ಕೈದು ದಾಖಲಾದರೆ ಮುಂದೆ ನೋಡುವ ಬ್ಯಾಂಕಿಗೆ ನೀವು ಸಾಲಕ್ಕಾಗಿ ಬಾಗಿಲು ಬಾಗಿಲು ತಟ್ಟುತ್ತಿರುವವರಂತೆ ಕಾಣುತ್ತೀರಿ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಸ್ಕೋರ್, ಅಂದರೆ ಸಾಲ ತೀರಿಸುವ ನಡವಳಿಕೆಗೆ ಕೊಡುವ ಅಂಕ, ಇಳಿಯುವುದಿಲ್ಲ. ಎಷ್ಟು ಸಲ ನೋಡಿದರೂ ಅಷ್ಟೆ.

ವರದಿ ಉಚಿತ, ಹಣ ಕೊಡಬೇಡಿ

ಸ್ಕೋರ್ ಸಹಿತವಾದ ಪೂರ್ಣ ವರದಿಯನ್ನು ವರ್ಷಕ್ಕೆ ಒಮ್ಮೆ ಉಚಿತವಾಗಿ ಕೊಡುವುದು ಈ ನಾಲ್ಕೂ ಕಂಪನಿಗಳ ಹೊಣೆ. 2017ರ ಜನವರಿಯಿಂದಲೇ ಈ ನಿಯಮವಿದೆ. ನಾಲ್ಕು ಕಂಪನಿಗಳೆಂದರೆ ವರ್ಷಕ್ಕೆ ನಾಲ್ಕು ಉಚಿತ ವರದಿ. ಕಂಪನಿಯ ಸ್ವಂತ ಜಾಲತಾಣಕ್ಕೆ ಹೋಗಿ. ಉಚಿತ ವರದಿಯ ಕೊಂಡಿ ಎದ್ದು ಕಾಣುವಂತೆ ಇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಆದರೂ ವಾರ್ಷಿಕ ಚಂದಾ ಯೋಜನೆಗಳು ಅದಕ್ಕಿಂತ ಹೆಚ್ಚು ಎದ್ದು ಕಂಡರೆ ಆಶ್ಚರ್ಯಪಡಬೇಡಿ. ಪಾವತಿ ಪುಟ ತೆರೆದುಕೊಂಡರೆ ದಾರಿ ತಪ್ಪಿದೆ ಎಂದೇ ಅರ್ಥ, ಹಿಂದಕ್ಕೆ ಬನ್ನಿ. ಪಾವತಿ ಆ್ಯಪ್‌ಗಳು ತೋರಿಸುವ ಸ್ಕೋರ್ ಕುತೂಹಲಕ್ಕೆ ಸಾಕು, ತಪ್ಪು ಹುಡುಕಲು ಪೂರ್ಣ ವರದಿಯೇ ಬೇಕು.

ಬಾಗಿಲೇ ತೆರೆಯದಿದ್ದಾಗ

ಅನೇಕರು ಸಿಕ್ಕಿಕೊಳ್ಳುವುದು ಇಲ್ಲಿ. ಪ್ಯಾನ್, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆ ಎಲ್ಲವನ್ನೂ ತುಂಬಿದ ಮೇಲೆ ‘ನಿಮ್ಮ ಗುರುತು ದೃಢಪಡಿಸಲು ಸಾಧ್ಯವಾಗಲಿಲ್ಲ’ ಎಂಬ ಸಾಲು ಬರುತ್ತದೆ. ಇದನ್ನು ಜಾಲತಾಣದ ದೋಷವೆಂದು ತಿಳಿದು ಮತ್ತೆ ಮತ್ತೆ ಒತ್ತುವುದರಿಂದ ಏನೂ ಆಗುವುದಿಲ್ಲ. ಇದೇ ಸುಳಿವು. ನಿಮ್ಮನ್ನು ನಿಮ್ಮ ವರದಿಯೊಂದಿಗೆ ಹೊಂದಿಸಲು ಆ ಕಂಪನಿಗೆ ಆಗುತ್ತಿಲ್ಲವೆಂದರೆ, ಬ್ಯಾಂಕು ಕೇಳಿದಾಗಲೂ ಹೀಗೆಯೇ ಆಗಿರುವ ಸಾಧ್ಯತೆ ಇದೆ.

ಎಲ್ಲಕ್ಕಿಂತ ಸಾಮಾನ್ಯ ಕಾರಣ ಹಳೆಯ ಮೊಬೈಲ್ ಸಂಖ್ಯೆ. ಹತ್ತು ವರ್ಷದ ಹಿಂದೆ ದ್ವಿಚಕ್ರ ವಾಹನದ ಸಾಲ ಪಡೆದಾಗ ಕೊಟ್ಟ ಸಂಖ್ಯೆ ಈಗ ನಿಮ್ಮ ಬಳಿ ಇಲ್ಲ, ಆದರೆ ವರದಿಯಲ್ಲಿರುವುದು ಅದೇ. ಒಟಿಪಿ ಅತ್ತ ಹೋಗುತ್ತದೆ. ಸಂಪರ್ಕ ಕಡಿತಗೊಂಡ ಸಂಖ್ಯೆಯನ್ನು ದೂರವಾಣಿ ಕಂಪನಿಗಳು 90 ದಿನ ಕಾದು ಬೇರೆಯವರಿಗೆ ಕೊಡಬಹುದು. ಅಂದರೆ ನಿಮ್ಮ ಸಾಲದ ಗುಟ್ಟಿನ ಬೀಗದ ಕೈ ಅಪರಿಚಿತರ ಜೇಬಿನಲ್ಲಿ ಇರಬಹುದು. ವರದಿಯ ಆಸೆ ಬಿಟ್ಟರೂ ಈ ಕಾರಣಕ್ಕಾದರೂ ಇದನ್ನು ಸರಿಪಡಿಸಿಕೊಳ್ಳಬೇಕು. ಆ ಸಾಲ ಕೊಟ್ಟ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಗೆ ಹೋಗಿ, ಹೊಸ ಸಂಖ್ಯೆಯೊಂದಿಗೆ ಕೆವೈಸಿ ನವೀಕರಿಸಿ, ಅದನ್ನು ಕ್ರೆಡಿಟ್ ಮಾಹಿತಿ ಕಂಪನಿಗಳಿಗೂ ಕಳಿಸುವಂತೆ ಬರೆದುಕೊಡಿ. ಉಳಿತಾಯ ಖಾತೆಗೆ ಮಾತ್ರ ಹೊಸ ಸಂಖ್ಯೆ ಸೇರಿಸಿ ಬಂದರೆ ಸಾಲದ ಖಾತೆಯಲ್ಲಿ ಹಳೆಯದೇ ಉಳಿದಿರಬಹುದು, ಎರಡನ್ನೂ ಕೇಳಿ ಖಚಿತಪಡಿಸಿಕೊಳ್ಳಿ.

ಎರಡನೆಯದು ನಮ್ಮ ಹೆಸರಿನ ಇನಿಷಿಯಲ್. ಕರ್ನಾಟಕದವರಿಗೆ ಇದು ಹುಟ್ಟಿನಿಂದ ಬಂದ ತೊಡಕು. ಎಚ್.ಎಸ್. ಮಂಜುನಾಥ ಎಂಬವರನ್ನು ಊಹಿಸಿಕೊಳ್ಳಿ. ‘ಎಚ್’ ಊರಿನದು, ‘ಎಸ್’ ತಂದೆಯದು. ಶಾಲಾ ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರಿಗೂ ಕೊನೆಯ ಹೆಸರಿಗೂ ಇನಿಷಿಯಲ್ ಬಳಸುವಂತಿಲ್ಲ, ಹಾಗಾಗಿ ಅಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಪೂರ್ತಿಯಾಗಿ ಬಂದು ಕೂರುತ್ತದೆ. ಸಾಲ ಕೊಟ್ಟ ಸಂಸ್ಥೆಯ ಗುಮಾಸ್ತರು ಬರೀ ‘ಮಂಜುನಾಥ’ ಎಂದು ಬರೆದಿರುತ್ತಾರೆ. ಒಬ್ಬನೇ ಮನುಷ್ಯ, ಕಂಪ್ಯೂಟರಿನ ಪಾಲಿಗೆ ನಾಲ್ವರು. ಮದುವೆಯ ನಂತರ ಹೆಸರು ಬದಲಾದ ಮಹಿಳೆಯರದೂ ಇದೇ ಪಾಡು.

ಹುಟ್ಟಿದ ದಿನಾಂಕವೂ ಹಾಗೆಯೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ಜೂನ್ 1ರ ದಿನಾಂಕ ಒಂದು ಕಡೆ, ಜಾತಕದ ದಿನಾಂಕ ಇನ್ನೊಂದು ಕಡೆ ಇರುವ ತಲೆಮಾರು ಇನ್ನೂ ದುಡಿಯುತ್ತಿದೆ. ಇಂಥವರು ಪ್ಯಾನ್‌ನಲ್ಲಿರುವುದನ್ನೇ ಆಧಾರವಾಗಿ ಇಟ್ಟುಕೊಂಡು ಮಿಕ್ಕೆಲ್ಲವನ್ನೂ ಅದಕ್ಕೆ ಹೊಂದಿಸುವುದು ಜಾಣತನ, ಏಕೆಂದರೆ ವರದಿ ಹುಡುಕುವಾಗ ಮುಖ್ಯವಾಗಿ ಬಳಕೆಯಾಗುವುದು ಪ್ಯಾನ್. ಪ್ಯಾನ್‌ನಲ್ಲೇ ತಪ್ಪಿದ್ದರೆ ಪ್ಯಾನ್ ಸೇವೆ ಕೊಡುವ ಸಂಸ್ಥೆಗಳಾದ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಮೂಲಕ ತಿದ್ದುಪಡಿ ಅರ್ಜಿ ಹಾಕಬೇಕು. ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದೆಯೇ ಎಂಬುದನ್ನೂ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಬಿಡಿ. ಹಿಂದೆಂದೋ ಎರಡು ಪ್ಯಾನ್ ಮಾಡಿಸಿಕೊಂಡವರು ಒಂದನ್ನು ಹಿಂತಿರುಗಿಸಲೇಬೇಕು. ಎರಡು ಇಟ್ಟುಕೊಳ್ಳುವುದಕ್ಕೆ 10,000 ರೂಪಾಯಿ ದಂಡವಿದೆ, ಜೊತೆಗೆ ಸಾಲದ ಚರಿತ್ರೆಯೂ ಎರಡು ಹೋಳಾಗುತ್ತದೆ.

ಇವೆಲ್ಲ ಸರಿಯಾಗುವವರೆಗೆ ವರದಿಗಾಗಿ ಕಾಯಬೇಕಾಗಿಲ್ಲ. ಆನ್‌ಲೈನ್ ದಾರಿ ಮುಚ್ಚಿದ್ದರೆ ಕಾಗದದ ದಾರಿ ಹಿಡಿಯಬಹುದು. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಅಥವಾ ಇಮೇಲ್ ಬರೆದು, ಸಹಿ ಮಾಡಿದ ಅರ್ಜಿಯೊಂದಿಗೆ ಗುರುತಿನ ಮತ್ತು ವಿಳಾಸದ ದಾಖಲೆಗಳ ಸ್ವಯಂ ದೃಢೀಕೃತ ಪ್ರತಿಗಳನ್ನು ಕಳಿಸುವ ವಿಧಾನವನ್ನು ಕೇಳಿಕೊಳ್ಳಿ. ಪ್ರತಿಗಳ ಮೇಲೆ ‘ಕ್ರೆಡಿಟ್ ವರದಿಗಾಗಿ ಮಾತ್ರ’ ಎಂದು ದಿನಾಂಕ ಸಹಿತ ಬರೆಯುವುದು ಒಳ್ಳೆಯ ಅಭ್ಯಾಸ. ‘ಸಿಬಿಲ್ ಸರಿ ಮಾಡಿಕೊಡುತ್ತೇವೆ’ ಎಂದು ಫೋನ್ ಮಾಡುವ ಮಧ್ಯವರ್ತಿಗಳ ಕೈಗೆ ಈ ಪ್ರತಿಗಳನ್ನು ಕೊಡಬೇಡಿ. ಅವರು ಮಾಡುವ ಕೆಲಸವೆಲ್ಲ ನೀವು ಉಚಿತವಾಗಿ ಮಾಡಬಹುದಾದದ್ದೇ.

ವರದಿ ಕೈಗೆ ಬಂದ ಮೇಲೆ

ಎಲ್ಲರ ಕಣ್ಣು ಮೊದಲು ಹೋಗುವುದು 300ರಿಂದ 900ರವರೆಗಿನ ಆ ಅಂಕದ ಮೇಲೆ. ಅದನ್ನು ಕೊನೆಗೆ ನೋಡಿ. ಮೊದಲು ವೈಯಕ್ತಿಕ ವಿವರಗಳ ಭಾಗವನ್ನು ಪ್ಯಾನ್ ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಓದಿ. ನಿಮ್ಮದಲ್ಲದ ವಿಳಾಸ, ನಿಮ್ಮದಲ್ಲದ ಮೊಬೈಲ್ ಸಂಖ್ಯೆ ಕಂಡರೆ ಬೇರೊಬ್ಬರ ಕಡತ ನಿಮ್ಮದರೊಂದಿಗೆ ಬೆರೆತಿರಬಹುದು, ಅಥವಾ ನಿಮ್ಮ ಹೆಸರಿನಲ್ಲಿ ಯಾರೋ ಸಾಲ ಎತ್ತಿರಬಹುದು.

ನಂತರ ಖಾತೆಗಳ ಪಟ್ಟಿ. ಪ್ರತಿ ಖಾತೆಯಲ್ಲೂ ನಿಮ್ಮ ಪಾತ್ರವೇನೆಂದು ಬರೆದಿರುತ್ತದೆ: ಸ್ವಂತ, ಜಂಟಿ, ಜಾಮೀನು. ನೆಂಟರಿಗೋ ಗೆಳೆಯರಿಗೋ ಹಾಕಿದ ಜಾಮೀನು ಸಹಿ ಇಲ್ಲಿ ಎದುರಾಗುತ್ತದೆ. ಅವರು ಸುಸ್ತಿದಾರರಾಗಿದ್ದರೆ ಅದು ತಪ್ಪು ದಾಖಲೆಯಲ್ಲ, ತಿದ್ದಿಸಲೂ ಆಗದು. ತೀರಿಸಿದ ಸಾಲ ಇನ್ನೂ ಚಾಲ್ತಿಯಲ್ಲಿದೆ ಎಂದು ತೋರಿಸುವುದು, ಒಂದೇ ಸಾಲ ಎರಡು ಸಲ ಬಂದಿರುವುದು ತಿದ್ದಿಸಬಹುದಾದ ತಪ್ಪುಗಳು. ತಿಂಗಳವಾರು ಚೌಕಗಳಲ್ಲಿರುವ ಸಂಖ್ಯೆ, ಕಂತು ಎಷ್ಟು ದಿನ ತಡವಾಯಿತು ಎಂಬುದನ್ನು ಹೇಳುತ್ತದೆ. ಸೊನ್ನೆಗಳಿದ್ದರೆ ಒಳ್ಳೆಯದು. ಸಿಬಿಲ್ ವರದಿಯಲ್ಲಿ ‘ಎಕ್ಸ್‌ಎಕ್ಸ್‌ಎಕ್ಸ್’ ಎಂದಿದ್ದರೆ ಹೆದರಬೇಕಾಗಿಲ್ಲ, ಆ ತಿಂಗಳ ಮಾಹಿತಿಯನ್ನು ಬ್ಯಾಂಕು ಕಳಿಸಿಲ್ಲ ಎಂದಷ್ಟೇ ಅರ್ಥ. ಕೊನೆಗೆ ಎನ್‌ಕ್ವೈರಿಗಳ ಪಟ್ಟಿ. ನೀವು ಹೆಸರೇ ಕೇಳದ ಸಂಸ್ಥೆ ಅಲ್ಲಿದ್ದರೆ ಗುರುತು ಹಾಕಿಕೊಳ್ಳಿ.

ದೂರು ಎರಡು ಕಡೆ ಕೊಡಿ

ತಪ್ಪು ಸಿಕ್ಕಿದ ಕೂಡಲೇ ಜನ ಸಿಬಿಲ್‌ಗೆ ದೂರು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆದರೆ ಸಾಲ ಕೊಟ್ಟ ಸಂಸ್ಥೆ ಒಪ್ಪದೆ ಕಂಪನಿ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ, ಅದು ನಿಮ್ಮ ದೂರನ್ನು ಆ ಸಂಸ್ಥೆಗೇ ಕಳಿಸಿ ಕಾಯುತ್ತದೆ. ಹಾಗಾಗಿ ಕಂಪನಿಯ ಜಾಲತಾಣದಲ್ಲಿ ವರದಿಯಲ್ಲಿ ಮುದ್ರಿತವಾದ ಕಂಟ್ರೋಲ್ ಸಂಖ್ಯೆಯನ್ನು ನಮೂದಿಸಿ ದೂರು ದಾಖಲಿಸಿದ ದಿನವೇ, ಸಾಲ ಕೊಟ್ಟ ಸಂಸ್ಥೆಯಲ್ಲಿ ದೂರುಗಳ ಹೊಣೆ ಹೊತ್ತ ನೋಡಲ್ ಅಧಿಕಾರಿಗೂ ಬರೆಯಿರಿ. ಸಾಲ ತೀರಿದ್ದಕ್ಕೆ ಎನ್‌ಒಸಿ (ಬಾಕಿ ಇಲ್ಲವೆಂಬ ಪತ್ರ), ಕೊನೆಯ ಕಂತಿನ ರಸೀದಿ, ವರದಿಯ ಆ ಪುಟ, ಇಷ್ಟು ಲಗತ್ತಿಸಿದರೆ ಸಾಕು. ಕತೆ ಬೇಡ. ಯಾವ ಖಾತೆ, ಏನು ತಪ್ಪಾಗಿದೆ, ಏನು ಇರಬೇಕಿತ್ತು ಎಂಬ ಮೂರು ಸಾಲು ಬೇಕು. ತಿದ್ದುಪಡಿಯನ್ನು ನಾಲ್ಕೂ ಕಂಪನಿಗಳಿಗೆ ಕಳಿಸಿ ಎಂಬ ನಾಲ್ಕನೆಯ ಸಾಲನ್ನು ಮರೆಯಬೇಡಿ. ಇಲ್ಲವಾದರೆ ಒಂದು ಕಡೆ ಅಳಿಸಿದ ತಪ್ಪು ಮೂರು ಕಡೆ ಉಳಿದುಬಿಡುತ್ತದೆ.

ನಿಮ್ಮದೇ ಅಲ್ಲದ ಸಾಲವಾಗಿದ್ದರೆ ಇದರ ಜೊತೆಗೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಿಳಿಸಿ, ದೂರಿನ ಪ್ರತಿಯನ್ನು ಸಾಲ ಕೊಟ್ಟ ಸಂಸ್ಥೆಗೆ ಕಳಿಸಿ.

ದೂರು ಕೊಟ್ಟ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಅಲ್ಲಿಂದ ಗಡಿಯಾರ ಓಡತೊಡಗುತ್ತದೆ. ಒಟ್ಟು 30 ದಿನದೊಳಗೆ ದೂರು ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕು ಸರಿಯಾದ ಮಾಹಿತಿ ಕಳಿಸಲು 21 ದಿನ. ಒಟ್ಟು 30 ದಿನ ಮೀರಿದರೆ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿರುವ ನಿಯಮದಂತೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ತಡ ಮಾಡಿದ್ದು ಬ್ಯಾಂಕಾದರೆ ಬ್ಯಾಂಕು, ಕಂಪನಿಯಾದರೆ ಕಂಪನಿ ಕೊಡಬೇಕು. ದೂರು ಇತ್ಯರ್ಥವಾದ ಐದು ಕೆಲಸದ ದಿನಗಳಲ್ಲಿ ಹಣ ಖಾತೆಗೆ ಬರಬೇಕು. ನೂರು ರೂಪಾಯಿ ಹೆಚ್ಚೇನಲ್ಲ ನಿಜ, ಆದರೆ ಪತ್ರದಲ್ಲಿ ಈ ನಿಯಮವನ್ನು ಉಲ್ಲೇಖಿಸಿದರೆ ಕಡತ ಮೇಜಿನಿಂದ ಮೇಜಿಗೆ ಸರಿಯುವ ವೇಗ ಬದಲಾಗುತ್ತದೆ. ಸ್ಕೋರ್ ಕಡಿಮೆಯಾಯಿತು ಎಂಬ ತಕರಾರಿಗೆ ಈ ಪರಿಹಾರ ಅನ್ವಯಿಸುವುದಿಲ್ಲ, ದಾಖಲೆಯ ತಪ್ಪಿಗೆ ಮಾತ್ರ.

ಮೂವತ್ತು ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಎಂಬ ದೂರು ಪೋರ್ಟಲ್ ಮೂಲಕ ದೂರು ಕೊಡಬಹುದು. ಶುಲ್ಕವಿಲ್ಲ. ಮಾಹಿತಿಗೆ 14448 ಸಂಖ್ಯೆ ಇದೆ. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳೂ ಈ ವ್ಯವಸ್ಥೆಯೊಳಗೆ ಬಂದಿವೆ. ಮೊದಲು ಸಂಸ್ಥೆಗೆ ಬರೆದ ದೂರಿನ ಪ್ರತಿ ಇಲ್ಲದಿದ್ದರೆ ಇಲ್ಲಿ ಅರ್ಜಿ ನಿಲ್ಲುವುದಿಲ್ಲ.

ಮತ್ತೆ ಅರ್ಜಿ ಹಾಕುವ ಮುನ್ನ

‘ತಿದ್ದಿದ್ದೇವೆ’ ಎಂಬ ಇಮೇಲ್ ಬಂದ ಮರುದಿನವೇ ಅರ್ಜಿ ಹಾಕಬೇಡಿ. ಬ್ಯಾಂಕುಗಳು ನಿಗದಿತ ದಿನಗಳಿಗೊಮ್ಮೆ ಮಾಹಿತಿ ಕಳಿಸಬೇಕಾಗಿದ್ದರೂ ಅದು ನಾಲ್ಕೂ ವರದಿಗಳಲ್ಲಿ ಮೂಡಲು ಒಂದಿಷ್ಟು ದಿನ ಹಿಡಿಯುತ್ತದೆ. ವರದಿಯನ್ನು ಇನ್ನೊಮ್ಮೆ ತೆಗೆದು ಕಣ್ಣಾರೆ ನೋಡಿ. ಹಿಂದೆ ತಿರಸ್ಕರಿಸಿದ ಬ್ಯಾಂಕು ಮರು ಅರ್ಜಿಗೆ ಎಷ್ಟು ತಿಂಗಳ ಅಂತರ ಕೇಳುತ್ತದೆ ಎಂಬುದನ್ನೂ ವಿಚಾರಿಸಿ. ಅರ್ಜಿಯಲ್ಲಿ ಹೆಸರನ್ನು ಪ್ಯಾನ್‌ನಲ್ಲಿ ಇರುವಂತೆಯೇ ತುಂಬಿ.

ಎಲ್ಲ ಹುಡುಕಿದ ಮೇಲೂ ವರದಿಯಲ್ಲಿ ಏನೂ ಇಲ್ಲ, ಅಂಕದ ಜಾಗದಲ್ಲಿ ‘ಎನ್‌ಎಚ್’ ಅಥವಾ ‘-1’ ಎಂದಿದೆ ಎನ್ನುವವರೂ ಇರುತ್ತಾರೆ. ಅವರು ಈವರೆಗೆ ಸಾಲವನ್ನೇ ಮಾಡಿಲ್ಲ, ಹಾಗಾಗಿ ತಿದ್ದಿಸಲು ಏನೂ ಇಲ್ಲ. ಸಾಲದ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿ ಸಾಲ ಕೇಳುವವರನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಹಾಗೆಂದು ಕಾರ್ಡ್ ಕೊಡಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಇವರಿಗೆ ಸುಲಭದ ದಾರಿ ನಿಶ್ಚಿತ ಠೇವಣಿಯ ಮೇಲೆ ಕೊಡುವ ಕಾರ್ಡ್. ಠೇವಣಿಯೇ ಭದ್ರತೆಯಾದ್ದರಿಂದ ಬ್ಯಾಂಕು ಹಳೆಯ ಚರಿತ್ರೆಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ, ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ತಿಂಗಳಿಗೊಂದು ಸಣ್ಣ ಬಿಲ್ ಮಾಡಿ, ಕನಿಷ್ಠ ಮೊತ್ತವನ್ನಲ್ಲ, ಪೂರ್ತಿ ಮೊತ್ತವನ್ನು ಗಡುವಿನೊಳಗೆ ಕಟ್ಟುತ್ತ ಹೋದರೆ ಕೆಲವು ತಿಂಗಳಲ್ಲಿ ಆ ಜಾಗದಲ್ಲಿ ಅಂಕ ಕಾಣಿಸಿಕೊಳ್ಳುತ್ತದೆ. ಮಾಮೂಲಿ ಕಾರ್ಡಿಗೆ ಅರ್ಜಿ ಹಾಕಲು ಅಲ್ಲಿಯವರೆಗೆ ಕಾಯುವುದು ಮೇಲು.