ಒಂದೇ ಪುಸ್ತಕ, ಮತ್ತೆ ಮತ್ತೆ: ಸತ್ಯವೇದ ನನ್ನ ಕೆಲಸದೊಳಗೆ ಬಂದದ್ದು

ಸತ್ಯವೇದ, ಅಂದರೆ ಬೈಬಲ್, ನಮ್ಮ ಯೋಚನೆಯನ್ನು ಬದಲಿಸಬೇಕಾದರೆ ಅದರ ಒಂದು ಪುಸ್ತಕದ ಜೊತೆ ಸಾಕಷ್ಟು ದಿನ ಕೂರಬೇಕು. ಅಲ್ಲೊಂದು ಇಲ್ಲೊಂದು ವಚನ ಆರಿಸಿಕೊಂಡು ಓದಿದರೆ ಮನಸ್ಸಿಗೆ ಸಮಾಧಾನ ಸಿಗುತ್ತದೆ, ನಿಜ. ಆದರೆ ಯೋಚಿಸುವ ರೀತಿ ಇದ್ದ ಹಾಗೇ ಇರುತ್ತದೆ. ನಾನು ದೇವಶಾಸ್ತ್ರ ಕಲಿತವನಲ್ಲ, ಬೆಂಗಳೂರಿನಲ್ಲಿ ಮನೆಗಳಿಗೆ ಪೇಂಟಿಂಗ್ ಕಾಂಟ್ರಾಕ್ಟ್ ಮಾಡುವವನು. ನನ್ನ ಕೆಲಸದಲ್ಲಿ ಇದು ಹೇಗೆ ನಡೆಯಿತು ಅನ್ನುವುದನ್ನಷ್ಟೇ ಬರೆಯುತ್ತಿದ್ದೇನೆ.

ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ಕಾರ್ಡ್ (ಒಂದು ವಚನ ಬರೆದಿರುವ ಚೀಟಿ) ತೆಗೆದುಕೊಳ್ಳುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಎಷ್ಟೋ ಮನೆಗಳ ಗೋಡೆಯ ಮೇಲೆ ಯೆರೆಮೀಯ 29:11, ಅಂದರೆ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ, ಇರುತ್ತದೆ. ನಿಮ್ಮ ಬಗ್ಗೆ ನಾನು ಯೋಚಿಸುವುದು ಒಳ್ಳೆಯದನ್ನೇ, ಕೇಡನ್ನಲ್ಲ ಎಂದು ದೇವರು ಹೇಳುವ ಮಾತು. ನನಗೂ ತುಂಬಾ ಇಷ್ಟ. ಆದರೆ ಆ ಅಧ್ಯಾಯವನ್ನು ಮೊದಲಿಂದ ಓದಿ ನೋಡಿ. ಅದು ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದವರಿಗೆ ಪ್ರವಾದಿ ಬರೆದ ಕಾಗದ. 70 ವರ್ಷ ಕಾಯಬೇಕು ಅಂತ ಹಿಂದಿನ ವಚನದಲ್ಲೇ ಇದೆ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತಲೂ ಇದೆ. ದುಡಿಯೋಕೆ ಬೆಂಗಳೂರಿಗೆ ಬಂದು, 'ಇದು ನಮ್ಮೂರಲ್ಲ, ನಾಲ್ಕು ಕಾಸು ಮಾಡಿಕೊಂಡು ಹೋಗೋಣ' ಅಂತಿರುವ ನಮ್ಮಂಥವರಿಗೆ ಇದು ದೊಡ್ಡ ಮಾತು, ಅಲ್ವಾ? ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಹೆಸರು ಹಿಡಿದು ನಾನು ಪ್ರಾರ್ಥನೆ ಮಾಡಲು ಶುರು ಮಾಡಿದ್ದು ಇದನ್ನು ಪೂರ್ತಿ ಓದಿದ ಮೇಲೆ.

ವಚನಗಳ ನಂಬರ್ ಮೊದಲಿನಿಂದ ಇದ್ದದ್ದಲ್ಲ. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಈಗ ನಾವು ನೋಡುವ ನಂಬರ್‌ಗಳನ್ನು 1551ರಲ್ಲಿ ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ ಹಾಕಿದ. ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನ ಕಾಲದಲ್ಲಿ ಪತ್ರ ಬಂದರೆ ಸಭೆಯವರೆಲ್ಲರ ಮುಂದೆ ಓದುತ್ತಿದ್ದರು. ನಾನೂ ಹಾಗೇ ಓದುತ್ತೇನೆ. ಬಾಯಿಬಿಟ್ಟು, ಕನ್ನಡದಲ್ಲಿ, ಸಣ್ಣ ಪತ್ರವಾದರೆ ಒಂದೇ ಸಲಕ್ಕೆ. ಹೊಸ ಒಡಂಬಡಿಕೆಯ ಯಾಕೋಬನ ಪತ್ರದಲ್ಲಿ 5 ಅಧ್ಯಾಯ, 108 ವಚನ. ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಅದೇ ಪತ್ರವನ್ನು ವಾರಗಟ್ಟಲೆ ಓದುತ್ತೇನೆ. ಓದಿದ ಮೇಲೆ ನೋಟ್‌ಬುಕ್‌ನಲ್ಲಿ ಒಂದೇ ಸಾಲು: ಇವತ್ತು ಈ ಮಾತು ನನಗೆ ಎಲ್ಲಿ ಎದುರಾಗಬಹುದು?

ಯಾಕೋಬನ ಪತ್ರ ನನಗೆ ಎದುರಾದದ್ದು ಬಟವಾಡೆಯಲ್ಲಿ.

ನಮ್ಮ ಲೈನಿನಲ್ಲಿ ಶನಿವಾರ ಸಂಜೆ ಬಟವಾಡೆ. ಹುಡುಗರು ಬೇರೆ ಸೈಟಿಗೆ ಹೋಗಿಬಿಡಬಾರದು ಅಂತ ಎರಡು ಮೂರು ದಿನದ ಕೂಲಿ ಹಿಡಿದಿಟ್ಟುಕೊಳ್ಳುವುದು ಈ ಕೆಲಸದಲ್ಲಿ ಎಷ್ಟೋ ಕಡೆ ಇರುವ ಪದ್ಧತಿ. ಓನರ್ ಬಿಲ್ ಕೊಡುವುದು ತಡವಾದರೆ ಹುಡುಗರ ದುಡ್ಡೂ ತಡ. ಯಾರೂ ಅದನ್ನು ತಪ್ಪು ಅಂತ ನೋಡುವುದಿಲ್ಲ. ಆದರೆ ಯಾಕೋಬನ 5ನೇ ಅಧ್ಯಾಯದಲ್ಲಿ, ಹೊಲ ಕೊಯ್ದವರ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತಿದೆ. ದಿನಾ ಬಾಯಿಬಿಟ್ಟು ಓದುವಾಗ ಅದನ್ನು ದಾಟಿಕೊಂಡು ಹೋಗಲು ಆಗುವುದಿಲ್ಲ. ಅಲ್ಲಿಂದ ಹಿಂದಕ್ಕೆ, ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ ಪುಸ್ತಕದ 24ನೇ ಅಧ್ಯಾಯಕ್ಕೆ ಹೋದೆ. ಕೂಲಿಯವನು ನಿನ್ನ ಜನದವನಾಗಲಿ, ನಿನ್ನ ಊರಲ್ಲಿರುವ ಪರದೇಶಿಯಾಗಲಿ, ಹೊತ್ತು ಮುಳುಗುವ ಮೊದಲು ಅವನ ಕೂಲಿ ಕೊಡು. ಅವನು ಬಡವ, ಅದರ ಮೇಲೇ ಮನಸ್ಸಿಟ್ಟಿದ್ದಾನೆ. ನನ್ನ ಹತ್ತಿರ ಪುಟ್ಟಿ ಹಾಕುವವರಲ್ಲಿ ಜಾಸ್ತಿ ಜನ ಬಿಹಾರ, ಒಡಿಶಾದವರು. ಸಂಜೆ ಕೈ ತೊಳೆದುಕೊಂಡು, 'ಅಣ್ಣಾ, ಊರಿಗೆ ದುಡ್ಡು ಹಾಕಬೇಕಿತ್ತು' ಅಂತ ಮೆಲ್ಲಗೆ ಕೇಳುವವರು. ಆ ವಚನ ಅವರ ಬಗ್ಗೆಯೇ ಬರೆದ ಹಾಗಿತ್ತು.

ಹಾಗಾಗಿ ಲೆಕ್ಕದ ರೀತಿಯನ್ನೇ ಬದಲಿಸಿದೆ. ಕೆಲಸ ಒಪ್ಪಿಕೊಳ್ಳುವಾಗಲೇ ಕೂಲಿಗೆ ಸಾಕಾಗುವಷ್ಟು ಅಡ್ವಾನ್ಸ್ ಕೇಳುತ್ತೇನೆ. ಆ ದುಡ್ಡು ಬೇರೆ ಅಕೌಂಟಿನಲ್ಲಿರುತ್ತದೆ. ಪೇಂಟ್ ಡಬ್ಬಕ್ಕಾಗಲಿ ನಮ್ಮ ಮನೆ ಖರ್ಚಿಗಾಗಲಿ ಅದನ್ನು ಮುಟ್ಟುವುದಿಲ್ಲ. ದಿನಗೂಲಿಯವರಿಗೆ ಅದೇ ಸಂಜೆ ಫೋನ್‌ಪೇ ಮಾಡುತ್ತೇನೆ. ವಾರದ ಲೆಕ್ಕದವರಿಗೆ ಶನಿವಾರ ಪೂರ್ತಿ ಕೊಡುತ್ತೇನೆ, ಏನೂ ಹಿಡಿದುಕೊಳ್ಳುವುದಿಲ್ಲ. ಅಷ್ಟು ಅಡ್ವಾನ್ಸ್ ಕೊಡಲ್ಲ ಅಂದವರ ಕೆಲಸ ಬಿಟ್ಟಿದ್ದೇನೆ, ಅದರಿಂದ ನಷ್ಟವೂ ಆಗಿದೆ. ಪೂರ್ತಿ ಕೂಲಿ ತೆಗೆದುಕೊಂಡು ಮಾರನೇ ವಾರ ಬರದೇ ಹೋದ ಹುಡುಗರೂ ಇದ್ದಾರೆ. ಹೋಗಲಿ, ದುಡಿದದ್ದು ಅವರದು. ದೇವರ ಮಾತು ಕೇಳಿದರೆ ವ್ಯಾಪಾರ ಹೆಚ್ಚುತ್ತದೆ ಅಂತ ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಯಾಕೋಬ ಹಾಗೆ ಎಲ್ಲೂ ಹೇಳಿಲ್ಲ.

ಅದೇ ಪತ್ರದ ಮೊದಲ ಅಧ್ಯಾಯದಲ್ಲಿ, ಕೇಳುವುದಕ್ಕೆ ಬೇಗ ಮಾಡು, ಮಾತಿಗೂ ಕೋಪಕ್ಕೂ ನಿಧಾನ ಮಾಡು ಅಂತಿದೆ. ಇದು ಬಣ್ಣದ ಕೆಲಸಕ್ಕೆ ದಿನಾ ಬೇಕು. 'ನಾನು ಹೇಳಿದ ಕಲರ್ ಇದಲ್ಲ' ಅಂತ ಮನೆಯವರು ಗೋಡೆ ಮುಂದೆ ನಿಂತು ಜೋರಾಗಿ ಹೇಳುತ್ತಾರೆ. ಈಗ ನಾನು ಅವರು ಮುಗಿಸುವವರೆಗೆ ಸುಮ್ನೆ ಕೇಳುತ್ತೇನೆ. ಆಮೇಲೆ ಶೇಡ್ ಕಾರ್ಡ್ ತೆಗೆದು, ಅವರೇ ಗುರುತು ಹಾಕಿದ ನಂಬರನ್ನು ಗೋಡೆಯ ಪಕ್ಕ ಹಿಡಿಯುತ್ತೇನೆ. ಎರಡನೇ ಕೋಟ್ ಒಣಗಲಿ, ನಾಳೆ ಬೆಳಗಿನ ಬೆಳಕಿನಲ್ಲಿ ನೋಡೋಣ ಅನ್ನುತ್ತೇನೆ. ಹಸಿ ಬಣ್ಣ ಒಣಗಿದ ಮೇಲೆ ಬೇರೆಯಾಗಿ ಕಾಣುತ್ತದೆ. ಸುಮಾರು ಜಗಳ ಅಲ್ಲಿಗೇ ನಿಲ್ಲುತ್ತದೆ.

ಅಮ್ಮ ಆಸ್ಪತ್ರೆಯಲ್ಲಿದ್ದಾಗ ಮಾತ್ರ ಯಾಕೋಬನನ್ನು ಓದಲು ಆಗಲಿಲ್ಲ. ಆಗ ಓದಿದ್ದು ಕೀರ್ತನೆಗಳ ಪುಸ್ತಕದ 13ನೇ ಕೀರ್ತನೆ. ಆರೇ ವಚನ. ಅದರಲ್ಲಿ ದಾವೀದ ನಾಲ್ಕು ಸಲ 'ಎಷ್ಟರವರೆಗೆ' ಅಂತ ದೇವರನ್ನು ಕೇಳುತ್ತಾನೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಅದನ್ನೇ ಹೇಳಿಕೊಳ್ಳುತ್ತಿದ್ದೆ. ದೇವರ ಹತ್ತಿರ ಹೀಗೂ ಮಾತಾಡಬಹುದು, ಹೀಗೆ ಕೇಳುವುದೂ ನಂಬಿಕೆಯೇ ಅಂತ ನನಗೆ ಮನದಟ್ಟಾದದ್ದು ಆ ದಿನಗಳಲ್ಲಿ.

ಶುರು ಮಾಡುವವರು ಮೊದಲ ಪುಸ್ತಕ ಆದಿಕಾಂಡದಿಂದ ಹಿಡಿದು ವರ್ಷದಲ್ಲಿ 66 ಪುಸ್ತಕ ಮುಗಿಸಲು ಹೊರಡಬೇಡಿ. ಬಹಳ ಜನ ಮೂರನೇ ಪುಸ್ತಕ ಯಾಜಕಕಾಂಡದ ಹತ್ತಿರ ಬಿಟ್ಟುಬಿಡುತ್ತಾರೆ. ಯಾಕೋಬ, ಇಲ್ಲವೇ 4 ಅಧ್ಯಾಯದ ಫಿಲಿಪ್ಪಿಯವರಿಗೆ ಬರೆದ ಪತ್ರ ತೆಗೆದುಕೊಳ್ಳಿ. ಮೊಬೈಲ್ ಬೇಡ, ಓದುವ ಮಧ್ಯೆ ಮೆಸೇಜ್ ಬರುತ್ತದೆ. ದೊಡ್ಡಕ್ಷರದ ಪುಸ್ತಕ ಇಟ್ಟುಕೊಳ್ಳಿ. ಒಬ್ಬರೇ ಓದಿದರೆ ಬೇಜಾರಾಗುತ್ತದೆ ಅನ್ನುವವರು ಮನೆಯವರನ್ನೂ ಕೂರಿಸಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ರಾತ್ರಿ ಊಟಕ್ಕೆ ಮುಂಚೆ ಲೂಕನ ಸುವಾರ್ತೆ ನಡೆಯುತ್ತಿದೆ. ಅಧ್ಯಾಯಗಳು ಉದ್ದ, ಅದಕ್ಕೆ ಅರ್ಧ ನನ್ನ ಹೆಂಡತಿ ಓದುತ್ತಾಳೆ, ಅರ್ಧ ಮಗಳು.